ಕಂಪ್ಯೂಟರು ಡಾಕ್ಟರನ್ನು ಯಾವಾಗ ತಡೆಯಬೇಕು? ಶಿರಸಿ, ಕಾರವಾರ ಕಡೆಯ ಸಣ್ಣ ಆಸ್ಪತ್ರೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಜನವರಿ ತಿಂಗಳು ಅಂದುಕೊಳ್ಳಿ. ಸಿದ್ದಾಪುರ ಕಡೆಯ ಹಳ್ಳಿಯಿಂದ ಒಬ್ಬರು ಆಸ್ಪತ್ರೆಗೆ ಬರುತ್ತಾರೆ. ಮೂರು ದಿನದ ಜ್ವರ, ತಲೆ ಸಿಡಿಯುವಂಥ ನೋವು, ಮೈಕೈ ನೋವು. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದಾರೆ. ಡಾಕ್ಟರು ಕಂಪ್ಯೂಟರಿನಲ್ಲಿ ಡೈಕ್ಲೋಫೆನಾಕ್ ಇಂಜೆಕ್ಷನ್ ಅಂತ ಟೈಪ್ ಮಾಡುತ್ತಾರೆ. ಆಗ ಪರದೆ ಮೇಲೆ ಮೂರು ಸಣ್ಣ ವಾಕ್ಯ ಬರುತ್ತವೆ: "ಹೋದ ವಾರ ಕಾಡಿಗೆ ಹೋಗಿದ್ದಾರೆ. ಮಂಗನ ಕಾಯಿಲೆ ಇರಬಹುದು. ಪ್ಲೇಟ್‌ಲೆಟ್ ನೋಡುವ ತನಕ ಪ್ಯಾರಾಸಿಟಮಾಲ್ ಮಾತ್ರ ಸಾಕೇ?"

ಆ ಡಾಕ್ಟರಿಗೆ ಈ ವಿಷಯ ಗೊತ್ತಿಲ್ಲ ಅಂತಲ್ಲ. ಮಂಗನ ಕಾಯಿಲೆಯಲ್ಲಿ ರಕ್ತಸ್ರಾವದ ಭಯ ಇದೆ, ಆಸ್ಪಿರಿನ್, ಡೈಕ್ಲೋಫೆನಾಕ್ ಥರದ ನೋವಿನ ಔಷಧ ಬೇಡ ಅನ್ನೋದು ನಮ್ಮ ಕಡೆ ಎಲ್ಲ ಡಾಕ್ಟರಿಗೂ ಗೊತ್ತು. ಆದರೆ ಮಧ್ಯಾಹ್ನ ಒಂದೂವರೆಗೆ, ಊಟವೂ ಆಗದೆ ಕೂತವರಿಗೆ ಗೊತ್ತಿರುವ ಎಲ್ಲವೂ ಅದೇ ಕ್ಷಣಕ್ಕೆ ನೆನಪಾಗಬೇಕಲ್ಲ. ನೆನಪಿಸುವ ಈ ಕೆಲಸವನ್ನು ರೋಗಿಯ ದಾಖಲೆ ಇಡುವ ಸಾಫ್ಟ್‌ವೇರೇ ಮಾಡಿದರೆ ಅದಕ್ಕೆ ಕ್ಲಿನಿಕಲ್ ಡಿಸಿಷನ್ ಸಪೋರ್ಟ್ ಅನ್ನುತ್ತಾರೆ. ಇಲ್ಲಿ ಸಿಡಿಎಸ್ ಅಂತ ಕರೆಯೋಣ.

ಇದು ಹೊಸದೇನಲ್ಲ. 1976ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಕ್ಲೆಮೆಂಟ್ ಮೆಕ್‌ಡೊನಾಲ್ಡ್ ಅನ್ನುವ ವೈದ್ಯರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಏನಾದರೂ ಕ್ರಮ ಬೇಕಾಗಿದ್ದ ಸಂದರ್ಭಗಳಲ್ಲಿ, ಕಂಪ್ಯೂಟರ್ ನೆನಪಿಸಿದಾಗ ಡಾಕ್ಟರುಗಳು ನೂರಕ್ಕೆ 51 ಸಲ ಕ್ರಮ ಕೈಗೊಂಡರು. ನೆನಪಿಸದೇ ಇದ್ದಾಗ 22 ಸಲ. ತಪ್ಪಿಹೋಗುವುದಕ್ಕೆ ಜ್ಞಾನದ ಕೊರತೆಗಿಂತ ಮಾಹಿತಿಯ ಹೊರೆಯೇ ಜಾಸ್ತಿ ಕಾರಣ ಅಂತ ಅವರು ಆಗಲೇ ಬರೆದರು. ಆ ಮಾತು ಇವತ್ತಿಗೂ ಹಾಗೇ ಇದೆ.

ಆದರೆ ಇದರಲ್ಲಿ ಒಂದು ದೊಡ್ಡ ಅಪಾಯ ಇದೆ. ಎಲ್ಲದಕ್ಕೂ ಎಚ್ಚರಿಸುವ ಕಂಪ್ಯೂಟರಿನ ಮಾತನ್ನು ಯಾರೂ ಕೇಳುವುದಿಲ್ಲ. ಔಷಧದ ಎಚ್ಚರಿಕೆಗಳನ್ನು ಡಾಕ್ಟರುಗಳು ನೂರಕ್ಕೆ 49ರಿಂದ 96ರಷ್ಟು ಸಲ ಬದಿಗೆ ಸರಿಸುತ್ತಾರೆ ಅಂತ 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡುಬಂತು. ಹಾಗಾಗಿ ಈ ಬರಹದಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ಕಡಿಮೆ ಇಡಿ. ನಿಮ್ಮ ಊರಿನ ರೋಗಿಗಳನ್ನು ನೋಡಿಕೊಂಡು ಇಡಿ. ಇಟ್ಟ ಮೇಲೆ ಕಣ್ಣಿಟ್ಟು ಕಾಯುತ್ತಾ ಇರಿ.

ಹತ್ತು ಹಾಸಿಗೆಯಿಂದ ಐವತ್ತು ಹಾಸಿಗೆವರೆಗಿನ ಆಸ್ಪತ್ರೆ, ಎರಡು ಮೂರು ಡಾಕ್ಟರಿರುವ ಕ್ಲಿನಿಕ್, ಈಗಾಗಲೇ ಯಾವುದೋ ಒಂದು ಸಾಫ್ಟ್‌ವೇರಿನಲ್ಲಿ ರೋಗಿಗಳ ದಾಖಲೆ ಇಡುತ್ತಿರುವವರು, ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಇಲ್ಲಿ ಬರುವ ಔಷಧದ ಪ್ರಮಾಣ, ಪರೀಕ್ಷೆಯ ಗಡಿಗಳು ರೂಲ್ (ಯಾವಾಗ, ಏನಂತ ಎಚ್ಚರಿಸಬೇಕು ಅಂತ ಕಂಪ್ಯೂಟರಿಗೆ ಕೊಡುವ ಸೂಚನೆ) ಹೇಗೆ ಬರೆಯಬೇಕು ಅಂತ ತೋರಿಸಲು ಕೊಟ್ಟ ಉದಾಹರಣೆಗಳು. ನಿಮ್ಮ ಆಸ್ಪತ್ರೆಯ ರೂಲ್‌ಗೆ ನಿಮ್ಮ ವೈದ್ಯರೇ ಸಹಿ ಹಾಕಬೇಕು.

ಹಂತ 1: ಮೊದಲು ದಾಖಲೆ ಸರಿಮಾಡಿ

ಹೆಚ್ಚಿನವರು ಎಡವುವುದು ಇಲ್ಲೇ. ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಶುರುವಿಗೆ ಹೆಸರು. ಶಿರಸಿಯ ಯಾವುದೇ ಆಸ್ಪತ್ರೆಯಲ್ಲಿ 'ಗಣಪತಿ ಹೆಗಡೆ' ಅಂತ ಹುಡುಕಿ ನೋಡಿ. ಒಂದು ಪುಟ ತುಂಬುತ್ತದೆ. ಕುಮಟಾದಲ್ಲಿ ನಾಯ್ಕರು, ಅಂಕೋಲಾದಲ್ಲಿ ಗೌಡರು, ಅದೇ ಕಥೆ. ಒಬ್ಬರಿಗೆ ಪೆನಿಸಿಲಿನ್ ಅಲರ್ಜಿ ಇದೆ ಅಂತ ಇನ್ನೊಬ್ಬರ ದಾಖಲೆಯಲ್ಲಿ ಬರೆದರೆ ಎಚ್ಚರಿಕೆ ತಪ್ಪು ಮನುಷ್ಯನಿಗೆ ಬರುತ್ತದೆ, ಬೇಕಾದವನಿಗೆ ಬರುವುದಿಲ್ಲ. ಹೆಸರಿನ ಜೊತೆ ಊರು, ಕೇರಿ ಅಥವಾ ಮನೆ ಹೆಸರು, ಹುಟ್ಟಿದ ವರ್ಷ, ಫೋನ್ ನಂಬರ್ ಇಷ್ಟನ್ನೂ ಕೇಳಿ. ಫೋನ್ ಒಂದನ್ನೇ ನಂಬಬೇಡಿ, ಒಂದೇ ನಂಬರಿನಲ್ಲಿ ಮನೆಮಂದಿಯೆಲ್ಲ ಇರುತ್ತಾರೆ. ಆಭಾ ಕಾರ್ಡ್ (ಕೇಂದ್ರ ಸರ್ಕಾರದ ಆರೋಗ್ಯ ಗುರುತಿನ ಕಾರ್ಡ್) ಇದ್ದರೆ ಅದರ 14 ಅಂಕಿಯ ಸಂಖ್ಯೆಯನ್ನೂ ಜೋಡಿಸಿ. ಒಬ್ಬರಿಗೇ ಎರಡು ದಾಖಲೆ ಇದ್ದರೆ ಸೇರಿಸುವ ಕೆಲಸವನ್ನು ವಾರಕ್ಕೊಮ್ಮೆ ಒಬ್ಬರು ಕೂತು ಮಾಡಬೇಕು. ಬೇಜಾರಿನ ಕೆಲಸ ನಿಜ. ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆಯೇ.

ಆಮೇಲೆ ಐದು ಮಾಹಿತಿ. ತೂಕ, ಅಲರ್ಜಿ, ಗರ್ಭಿಣಿಯೋ ಅಲ್ಲವೋ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ), ಈಗ ತೆಗೆದುಕೊಳ್ಳುತ್ತಿರುವ ಔಷಧ. ಇವು ಅದದರ ಜಾಗದಲ್ಲೇ ಇರಬೇಕು. ಡಾಕ್ಟರು ಟಿಪ್ಪಣಿಯಲ್ಲಿ "ಸಲ್ಫಾ ಆಗಲ್ಲ" ಅಂತ ಬರೆದಿದ್ದರೆ ಮನುಷ್ಯರಿಗೆ ಅರ್ಥವಾಗುತ್ತದೆ, ರೂಲ್‌ಗೆ ಕಾಣುವುದೇ ಇಲ್ಲ. ಲ್ಯಾಬ್ ವರದಿಯನ್ನು ಫೋಟೊ ತೆಗೆದು ಅಂಟಿಸಿದ್ದರೂ ಅಷ್ಟೇ. ಕ್ರಿಯಾಟಿನಿನ್ 1.5 ಅನ್ನುವುದು ಅಂಕಿಯಾಗಿ, ಪರೀಕ್ಷೆಯ ತಾರೀಕಿನ ಜೊತೆ ಕೂತಿರಬೇಕು.

ಖಾಲಿ ಬಿಟ್ಟ ಜಾಗವನ್ನು 'ಇಲ್ಲ' ಅಂತ ಓದಬೇಡಿ. ಅಲರ್ಜಿಯ ಜಾಗದಲ್ಲಿ ಮೂರು ಆಯ್ಕೆ ಇರಲಿ: ಇದೆ, ಇಲ್ಲ, ಕೇಳಿಲ್ಲ. ಗರ್ಭದ ವಿಷಯಕ್ಕೂ ಹಾಗೇ. 'ಕೇಳಿಲ್ಲ' ಅಂತ ಇದ್ದರೆ ಸಾಫ್ಟ್‌ವೇರ್ ನರ್ಸಮ್ಮನಿಗೆ ಕೇಳಲು ಹೇಳಲಿ, ಡಾಕ್ಟರನ್ನು ತಡೆಯುವುದು ಬೇಡ.

ಔಷಧದ ಪಟ್ಟಿಯಲ್ಲಿ ಬ್ರಾಂಡ್ ಹೆಸರಿನ ಹಿಂದೆ ಮೂಲ ಔಷಧ ಇರಲೇಬೇಕು. ಕಾಂಬಿಫ್ಲಾಮ್ ಅಂದರೆ ಐಬುಪ್ರೊಫೇನ್ ಮತ್ತು ಪ್ಯಾರಾಸಿಟಮಾಲ್ ಎರಡೂ. ಡೋಲೊ 650 ಅಂದರೆ ಪ್ಯಾರಾಸಿಟಮಾಲ್. ಎರಡನ್ನೂ ಒಟ್ಟಿಗೆ ಬರೆದರೆ ಒಂದೇ ಔಷಧ ಎರಡು ಸಲ ಹೋಯಿತು ಅಂತ ಕಂಪ್ಯೂಟರಿಗೆ ಗೊತ್ತಾಗುವುದು ಈ ಜೋಡಣೆ ಇದ್ದಾಗ ಮಾತ್ರ. ನಿಮ್ಮ ಫಾರ್ಮಸಿಯಲ್ಲಿ ನಿಜವಾಗಿ ಇರುವ ಔಷಧಗಳಿಂದ ಶುರುಮಾಡಿ. ಇಡೀ ದೇಶದ ಪಟ್ಟಿ ತುಂಬಿಸಲು ಹೊರಟರೆ ಮುಗಿಯುವುದೇ ಇಲ್ಲ.

ಇನ್ನೊಂದು ವಿಷಯ ನಮ್ಮ ಜಿಲ್ಲೆಗೇ ಸೇರಿದ್ದು. ಇಲ್ಲಿಯ ರೋಗಿ ಹೃದಯಕ್ಕೆ ಮಣಿಪಾಲ, ಕಿಡ್ನಿಗೆ ಹುಬ್ಬಳ್ಳಿ, ಕಾರವಾರದವರಾದರೆ ಗೋವಾ ಅಂತ ಓಡಾಡಿ ಬಂದಿರುತ್ತಾರೆ. ಅಲ್ಲಿ ಬರೆದುಕೊಟ್ಟ ಔಷಧ ನಿಮ್ಮ ಕಂಪ್ಯೂಟರಿನಲ್ಲಿ ಇರುವುದಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುತ್ತಿರುವವರಿಗೆ ನೀವು ಹಲ್ಲುನೋವಿಗೆ ಮೆಟ್ರೊನಿಡಜೋಲ್ ಬರೆದರೆ ರಕ್ತ ಅತಿಯಾಗಿ ತೆಳುವಾಗುವ ಅಪಾಯ ಇದೆ, ಎಚ್ಚರಿಕೆ ಮಾತ್ರ ಬರುವುದಿಲ್ಲ. ಅದಕ್ಕೆ 'ಹೊರಗಿನ ಔಷಧ' ಅಂತ ಬೇರೆ ಜಾಗ ಮಾಡಿ. "ಮನೇಲಿರೋ ಗುಳಿಗೆ ಚೀಲ ತಂದಿದ್ದೀರಾ?" ಅಂತ ರಿಸೆಪ್ಷನ್ನಿನಲ್ಲೇ ಕೇಳಿ. ನಾಟಿ ಔಷಧವನ್ನೂ ಕೇಳಿ, ಆದರೆ ಬೈಯುವ ದನಿಯಲ್ಲಿ ಬೇಡ. ಬೈದರೆ ಮುಂದಿನ ಸಲ ಹೇಳುವುದಿಲ್ಲ.

ಹಂತ 2: ಯಾರು ನೋಡಿಕೊಳ್ಳುತ್ತಾರೆ ಅಂತ ತೀರ್ಮಾನಿಸಿ

ಒಬ್ಬ ಡಾಕ್ಟರು, ಒಬ್ಬ ನರ್ಸ್, ಫಾರ್ಮಸಿಯವರು, ಲ್ಯಾಬಿನವರು, ಸಾಫ್ಟ್‌ವೇರ್ ಗೊತ್ತಿರುವ ಒಬ್ಬರು. ಇಷ್ಟು ಸಾಕು. ಪ್ರತಿ ರೂಲ್‌ಗೂ ಒಬ್ಬರ ಹೆಸರಿರಬೇಕು. ಆ ರೂಲ್ ತಪ್ಪಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಎಲ್ಲರಿಗೂ ಗೊತ್ತಿರಬೇಕು. ನರ್ಸನ್ನು ಬಿಟ್ಟು ಈ ತಂಡ ಕಟ್ಟಬೇಡಿ. ತೂಕ ನೋಡುವವರು, ಅಲರ್ಜಿ ಕೇಳುವವರು, ಇಂಜೆಕ್ಷನ್ ಕೊಡುವ ಮುಂಚೆ ಕೊನೆಯ ಸಲ ನೋಡುವವರು ಅವರೇ.

ಹಂತ 3: ಯಾವ ಎಚ್ಚರಿಕೆ ಬೇಕು ಅಂತ ನಿಮ್ಮ ರಿಜಿಸ್ಟರಿನಲ್ಲೇ ಹುಡುಕಿ

ಸಾಫ್ಟ್‌ವೇರ್ ಕಂಪನಿಯವರು ಸಾವಿರಾರು ಔಷಧ ಜೋಡಿಗಳ ಎಚ್ಚರಿಕೆ ಪಟ್ಟಿ ಕೊಡುತ್ತಾರೆ. ಒಂದೇ ಗುಂಡಿ ಒತ್ತಿದರೆ ಎಲ್ಲ ಶುರುವಾಗುತ್ತವೆ. ದಯವಿಟ್ಟು ಒತ್ತಬೇಡಿ. ಒಂದು ವಾರದೊಳಗೆ ನಿಮ್ಮ ಡಾಕ್ಟರು ಓದದೆಯೇ ಮುಚ್ಚುವುದನ್ನು ಕಲಿತುಬಿಡುತ್ತಾರೆ. ಆ ಅಭ್ಯಾಸ ಒಮ್ಮೆ ಬಂದರೆ ಬಿಡಿಸುವುದು ಬಹಳ ಕಷ್ಟ.

ಬದಲಿಗೆ ಕಳೆದ ಒಂದು ವರ್ಷದ ರಿಜಿಸ್ಟರ್ ತೆಗೆಯಿರಿ. ಯಾರನ್ನು ಬೇರೆ ಊರಿಗೆ ಕಳಿಸಬೇಕಾಯಿತು? ಯಾರಿಗೆ ಔಷಧದಿಂದ ಮೈಮೇಲೆ ದದ್ದು ಬಂತು? ಯಾರ ಪ್ರಿಸ್ಕ್ರಿಪ್ಷನ್ನನ್ನು ಫಾರ್ಮಸಿಯವರು ವಾಪಸ್ ಕಳಿಸಿದರು? ಈ ಕೊನೆಯ ಪ್ರಶ್ನೆಗೆ ಉತ್ತರ ಎಲ್ಲೂ ಬರೆದಿರುವುದಿಲ್ಲ, ಫಾರ್ಮಸಿಯವರ ತಲೆಯಲ್ಲಿ ಇರುತ್ತದೆ. ಒಂದು ಸಂಜೆ ಅವರ ಜೊತೆ ಕೂರಿ. ಹಾಗೆಯೇ, ಔಷಧದಿಂದ ತೊಂದರೆಯಾದದ್ದನ್ನು ಭಾರತೀಯ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮದ 1800-180-3024 ನಂಬರಿಗೆ ತಿಳಿಸುವ ಅಭ್ಯಾಸವನ್ನೂ ಇದೇ ಹೊತ್ತಿಗೆ ಶುರುಮಾಡಿ. ಕರೆ ಉಚಿತ.

ನನ್ನ ಲೆಕ್ಕದಲ್ಲಿ ನಮ್ಮ ಕಡೆಯ ಆಸ್ಪತ್ರೆಗೆ ಶುರುವಿನಲ್ಲಿ ಇವಿಷ್ಟು ಸಾಕು. ಅಲರ್ಜಿ ಇರುವ ಔಷಧ. ಮಕ್ಕಳಿಗೆ ತೂಕದ ಮೇಲೆ ಪ್ರಮಾಣ. ಕಿಡ್ನಿ ಸೋತವರಿಗೆ ನೋವಿನ ಔಷಧ ಮತ್ತು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್. ಗರ್ಭಿಣಿಗೆ ಎನಲಪ್ರಿಲ್, ಟೆಲ್ಮಿಸಾರ್ಟನ್ ಥರದ ಬಿಪಿ ಔಷಧ. ವಾರ್ಫರಿನ್ ಜೊತೆಗಿನ ಜಗಳಗಂಟಿ ಔಷಧಗಳು. ಕಾಡಿನ ಸೀಮೆಯ ಜ್ವರ. ಹಾವು ಕಡಿತ. ಇವು ಸರಿಯಾಗಿ ನಡೆದ ಮೇಲೆ ಬೇಕಾದರೆ ಎಂಟನೆಯದನ್ನು ಯೋಚಿಸಿ.

ಕಿಡ್ನಿಯ ರೂಲ್ ಯಾಕೆ ಬೇಕು ಅಂತ ಒಂದು ಲೆಕ್ಕ ನೋಡಿ. 25 ವರ್ಷದ ಹುಡುಗನ ಕ್ರಿಯಾಟಿನಿನ್ 1.5. 72 ವರ್ಷದ ಅಜ್ಜಿಯದೂ 1.5. ವರದಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆದರೆ ವಯಸ್ಸು, ಲಿಂಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ 2021ರ ಸಿಕೆಡಿ-ಇಪಿಐ ಸೂತ್ರಕ್ಕೆ ಹಾಕಿದರೆ ಹುಡುಗನ ಇಜಿಎಫ್ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವ ಅಂದಾಜು) ಸುಮಾರು 66 ಬರುತ್ತದೆ, ಅಜ್ಜಿಯದು ಸುಮಾರು 37. ಮೊಣಕಾಲು ನೋವು ಅಂತ ಬಂದ ಆ ಅಜ್ಜಿಗೆ ವಾರಗಟ್ಟಲೆ ಡೈಕ್ಲೋಫೆನಾಕ್ ಹೋದರೆ ಉಳಿದ ಕಿಡ್ನಿಯೂ ಕೈಕೊಡಬಹುದು. ಮೆಟ್‌ಫಾರ್ಮಿನ್ನನ್ನು ಇಜಿಎಫ್ಆರ್ 30ರಿಂದ 45ರ ನಡುವೆ ಇದ್ದರೆ ಹೊಸದಾಗಿ ಶುರುಮಾಡುವುದಿಲ್ಲ, 30ಕ್ಕಿಂತ ಕೆಳಗೆ ಕೊಡುವುದೇ ಇಲ್ಲ. ಈ ಸೂತ್ರವನ್ನು ಯಾರೂ ಮನಸ್ಸಿನಲ್ಲಿ ಬಿಡಿಸಲಾರರು. ಕಂಪ್ಯೂಟರಿಗೆ ಅದು ಕ್ಷಣದ ಕೆಲಸ. ಇಂಥ ಕಡೆ ಅದರಿಂದ ದುಡಿಸಿಕೊಳ್ಳಬೇಕು.

ಮಕ್ಕಳದೂ ಹೀಗೇ. ಪ್ಯಾರಾಸಿಟಮಾಲ್ ಸಿರಪ್ಪು 5 ಎಂಎಲ್‌ಗೆ 120 ಅಥವಾ 125 ಮಿ.ಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಡ್ರಾಪ್ಸ್ ಆದರೆ 1 ಎಂಎಲ್‌ಗೇ 100. ಹತ್ತು ಕೆ.ಜಿ. ಮಗುವಿಗೆ ಒಂದು ಸಲಕ್ಕೆ 100ರಿಂದ 150 ಮಿ.ಗ್ರಾಂ ಬೇಕು. "5 ಎಂಎಲ್" ಅಂತ ಬರೆದು, ಅಂಗಡಿಯಲ್ಲಿ 250ರ ಬಾಟಲಿ ಕೊಟ್ಟರೆ ಒಮ್ಮೆಗೇ 250 ಹೋಯಿತು. ಇಲ್ಲಿ ಪಾಪ್-ಅಪ್‌ಗಿಂತ, ಅಂದರೆ ಪರದೆ ಮೇಲೆ ಅಡ್ಡ ಬರುವ ಎಚ್ಚರಿಕೆಗಿಂತ, ಒಳ್ಳೆಯ ದಾರಿ ಇದೆ. ಮಗುವಿನ ತೂಕ ಹಾಕದೆ ಸಿರಪ್ಪಿನ ಪುಟ ತೆರೆಯಲೇಬಾರದು. ತೂಕ ಹಾಕಿದರೆ ನಿಮ್ಮಲ್ಲಿರುವ ಬಾಟಲಿಗೆ ಎಷ್ಟು ಎಂಎಲ್ ಅಂತ ತಾನೇ ತೋರಿಸಲಿ. ತಪ್ಪು ಮಾಡಿದ ಮೇಲೆ ಎಚ್ಚರಿಸುವುದಕ್ಕಿಂತ ಸರಿಯಾದದ್ದನ್ನೇ ಸುಲಭ ಮಾಡಿಡುವುದು ವಾಸಿ, ಅಲ್ವಾ?

ಹಂತ 4: ರೂಲನ್ನು ಮೊದಲು ಕಾಗದದ ಮೇಲೆ ಬರೆಯಿರಿ

ಕಂಪ್ಯೂಟರ್ ಮುಟ್ಟುವ ಮೊದಲು ಐದು ಪ್ರಶ್ನೆಗೆ ಉತ್ತರ ಬರೆಯಿರಿ. ಏನು ಹೇಳಬೇಕು? ಯಾರಿಗೆ? ಯಾವ ರೂಪದಲ್ಲಿ? ಎಲ್ಲಿ, ಅಂದರೆ ಪರದೆಯಲ್ಲೋ, ಪ್ರಿಂಟಿನಲ್ಲೋ, ಫೋನಿನಲ್ಲೋ? ಕೆಲಸದ ಯಾವ ಹೊತ್ತಿನಲ್ಲಿ? ಈ ಕ್ಷೇತ್ರದವರು ಇದನ್ನೇ ಐದು ಸರಿಗಳು ಅನ್ನುತ್ತಾರೆ. ಒಂದು ತಪ್ಪಿದರೂ ಉಳಿದ ನಾಲ್ಕು ದಂಡ.

ಮಂಗನ ಕಾಯಿಲೆಯ ರೂಲನ್ನೇ ಪೂರ್ತಿ ಬರೆದು ನೋಡೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ ಇದು. ನಮ್ಮ ಸಿದ್ದಾಪುರ ಅದಕ್ಕೆ ಪಕ್ಕದ ಸೀಮೆ. ಉಣುಗು ಕಚ್ಚುವುದರಿಂದ ಬರುತ್ತದೆ, ಮಳೆ ನಿಂತ ಮೇಲೆ ಶುರುವಾಗಿ ಬೇಸಿಗೆ ಮುಗಿಯುವ ತನಕ ಇರುತ್ತದೆ.

ಮೊದಲ ಯೋಚನೆಗೆ ಬರುವ ರೂಲ್ ಹೀಗಿರುತ್ತದೆ: ಡಿಸೆಂಬರಿನಿಂದ ಮೇ ತನಕ, ಜ್ವರ ಇದ್ದರೆ, ಸಿದ್ದಾಪುರ ಅಥವಾ ಶಿರಸಿ ತಾಲ್ಲೂಕಾದರೆ, ಎಚ್ಚರಿಸು. ಇದು ಕೆಲಸಕ್ಕೆ ಬಾರದು. ನಿಮ್ಮಲ್ಲಿಗೆ ಬರುವ ಜ್ವರದವರಲ್ಲಿ ಹೆಚ್ಚಿನವರು ಆ ಎರಡು ತಾಲ್ಲೂಕಿನವರೇ ಆಗಿರುತ್ತಾರೆ. ಎಲ್ಲರಿಗೂ ಎಚ್ಚರಿಕೆ ಬಂದರೆ ಅದು ಗೋಡೆಯ ಬಣ್ಣದಂತೆ ಕಣ್ಣಿಗೆ ಬೀಳುವುದೇ ನಿಂತುಹೋಗುತ್ತದೆ.

ಹಾಗಾಗಿ ಕೆಲಸ ನರ್ಸಿನ ಹತ್ತಿರ ಶುರುವಾಗಲಿ. ಜ್ವರ ಅಂತ ದಾಖಲಿಸಿದ ತಕ್ಷಣ ಮೂರು ಪ್ರಶ್ನೆ ಬರಲಿ: "ಎರಡು ವಾರದಲ್ಲಿ ಕಾಡಿಗೆ, ಸೊಪ್ಪಿನಬೆಟ್ಟಕ್ಕೆ, ದರಕು ತರೋಕೆ ಹೋಗಿದ್ರಾ? ಉಣುಗು ಕಚ್ಚಿತ್ತಾ? ಹತ್ತಿರದಲ್ಲಿ ಮಂಗ ಸತ್ತಿತ್ತಾ?" ಒಂದಕ್ಕೆ ಹೌದು ಅಂದರೂ ಡಾಕ್ಟರ ಪರದೆಯ ಪಕ್ಕದಲ್ಲಿ ಒಂದು ಸಣ್ಣ ಸಾಲು ಸುಮ್ನೆ ಕೂತಿರಲಿ. ಅಡ್ಡ ಬರುವುದು ಬೇಡ. ಡಾಕ್ಟರು ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಅಥವಾ ಸೊಂಟಕ್ಕೆ ಕೊಡುವ ಯಾವುದೇ ಇಂಜೆಕ್ಷನ್ ಬರೆದಾಗ ಮಾತ್ರ ಅಡ್ಡ ಬರಲಿ. ಅದರ ಜೊತೆಗೇ ಮೂರು ಗುಂಡಿ ಇರಲಿ: ಪ್ಯಾರಾಸಿಟಮಾಲ್‌ಗೆ ಬದಲಿಸಿ, ರಕ್ತಕಣಗಳ ಎಣಿಕೆ ಬರೆಯಿರಿ, ಕಾರಣ ಕೊಟ್ಟು ಮುಂದುವರಿಯಿರಿ. ಕಾರಣದ ಪಟ್ಟಿಯಲ್ಲಿ "ಹೃದಯಕ್ಕೆ ಮೊದಲಿಂದ ತೆಗೆದುಕೊಳ್ಳುತ್ತಿರುವ ಆಸ್ಪಿರಿನ್, ಯೋಚಿಸಿ ಮುಂದುವರಿಸಿದೆ" ಅನ್ನುವುದೂ ಇರಬೇಕು. ಅದು ನಿಜವಾಗಿ ಬರುವ ಸಂದರ್ಭ.

ಇನ್ನೂ ಒಂದು ಸೂಕ್ಷ್ಮ ಇದೆ. ಈ ಜ್ವರ ಕೆಲವರಲ್ಲಿ ಇಳಿದು, ಒಂದೆರಡು ವಾರ ಬಿಟ್ಟು ಮತ್ತೆ ಬರುತ್ತದೆ. ಎರಡನೇ ಸಲ ಮೆದುಳಿಗೆ ಸಂಬಂಧಿಸಿದ ತೊಂದರೆಯೊಂದಿಗೆ ಬರಬಹುದು. ಆಗ ಆ ರೋಗಿ ಎರಡು ವಾರದಿಂದ ಮನೆಯಲ್ಲೇ ಮಲಗಿದ್ದಾರೆ. "ಕಾಡಿಗೆ ಹೋಗಿದ್ರಾ?" ಅಂದರೆ ಇಲ್ಲ ಅನ್ನುತ್ತಾರೆ. ರೂಲ್ ಹಿಂದಿನ ಭೇಟಿಯ ಉತ್ತರವನ್ನೂ, ಒಂದು ತಿಂಗಳ ತನಕ, ತಿರುಗಿ ನೋಡಬೇಕು. ಇಂಥದ್ದನ್ನು ಸಾಫ್ಟ್‌ವೇರ್ ಕಂಪನಿ ಹೇಳಿಕೊಡುವುದಿಲ್ಲ, ಇಲ್ಲಿಯ ಜ್ವರ ನೋಡಿದವರೇ ಹೇಳಬೇಕು.

ಮಳೆಗಾಲ ಬಂದ ಮೇಲೆ ಅದೇ ಜ್ವರದ ಪುಟದಲ್ಲಿ ಪ್ರಶ್ನೆಗಳು ಬದಲಾಗಲಿ. ಗದ್ದೆಯ ನೀರಲ್ಲಿ ನಿಂತಿದ್ದರಾ, ಕಾಲಿನ ಮೀನಖಂಡ ನೋಯುತ್ತದಾ, ಕಣ್ಣು ಕೆಂಪಾಗಿದೆಯಾ, ಅಂದರೆ ಇಲಿ ಜ್ವರದ ಕಡೆಗೆ. ಕರಾವಳಿಯ ಪೇಟೆಯಾದರೆ ಡೆಂಗಿಯ ಕಡೆಗೆ. ನೋವಿನ ಔಷಧದ ಎಚ್ಚರ ಎರಡಕ್ಕೂ ಬೇಕು.

ಹಾವು ಕಡಿತಕ್ಕೆ ಎಚ್ಚರಿಕೆಯ ರೂಪವೇ ಬೇರೆ. ಅಲ್ಲಿ ಯಾರಿಗೂ ಪಾಪ್-ಅಪ್ ಓದುವ ಪುರುಸೊತ್ತಿಲ್ಲ. ಅದಕ್ಕೆ ಆರ್ಡರ್ ಸೆಟ್ ಮಾಡಿ. ಒಂದು ಗುಂಡಿ ಒತ್ತಿದರೆ ಪೂರ್ತಿ ಪಟ್ಟಿ ಬರಬೇಕು. ಮೊದಲ ಸಾಲು 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ: ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬಿನಲ್ಲಿ 2 ಎಂಎಲ್ ರಕ್ತ, ಅಲ್ಲಾಡಿಸದೆ ಇಡುವುದು. ಪ್ಲಾಸ್ಟಿಕ್ ಟ್ಯೂಬ್ ಆಗದು ಅಂತ ಅಲ್ಲೇ ಬರೆದಿರಲಿ. ರಕ್ತ ಟ್ಯೂಬಿಗೆ ಹಾಕಿದ ಕ್ಷಣದಿಂದ ಗಡಿಯಾರ ಓಡಲಿ, 20 ನಿಮಿಷಕ್ಕೆ ನರ್ಸಿನ ಪರದೆಯಲ್ಲಿ ಸದ್ದಾಗಲಿ. ಆಂಟಿವೆನಮ್ ಕೊಡುವುದಾದರೆ ಶುರುವಿನ ಪ್ರಮಾಣ ಮಕ್ಕಳಿಗೂ ದೊಡ್ಡವರಿಗೂ ಒಂದೇ ಅನ್ನುವ ಸಾಲು ಬೇಕು. ಯಾಕೆಂದರೆ ಮಕ್ಕಳ ತೂಕದ ರೂಲ್ ಇಲ್ಲಿ ನುಗ್ಗಿ ಪ್ರಮಾಣ ಕಡಿಮೆ ಮಾಡಿಸಿಬಿಡಬಹುದು. ಒಂದು ರೂಲ್ ಇನ್ನೊಂದನ್ನು ಹಾಳುಮಾಡುವುದು ಹೀಗೆ. ಅಡ್ರಿನಲಿನ್ ಕೈಗೆ ಸಿಗುವಂತಿರಲಿ, ಆರು ಗಂಟೆಗೆ ಮತ್ತೆ ರಕ್ತ ಪರೀಕ್ಷೆಯ ಜ್ಞಾಪನೆ ಇರಲಿ. ನಾಗರ, ಕಟ್ಟುಹಾವು ಥರದ ನರಕ್ಕೆ ಏರುವ ವಿಷವಾದರೆ ನಿಯೋಸ್ಟಿಗ್ಮಿನ್, ಅಟ್ರೊಪಿನ್ ಅದೇ ಪಟ್ಟಿಯಲ್ಲಿ ಇರಲಿ. ನಮ್ಮ ಘಟ್ಟದಲ್ಲಿ ಗೂನುಮೂಗಿನ ಪಿಟ್ ವೈಪರ್ ಕೂಡ ಇದೆ. ನಮಗೆ ಸಿಗುವ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು, ಆ ಹಾವಿಗೆ ಅಲ್ಲ. ಅದನ್ನೂ ಒಂದು ಸಾಲಿನಲ್ಲಿ ನೆನಪಿಸಿ. ಕೊನೆಗೆ ವರದಿಯ ಫಾರ್ಮ್. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಕಂಪ್ಯೂಟರಿನಲ್ಲಿ ಇರುವ ಹೆಸರು, ಊರು, ಹೊತ್ತು ತಾನಾಗಿಯೇ ತುಂಬಿಕೊಳ್ಳಲಿ.

ಹಂತ 5: ಎಷ್ಟು ಜೋರಾಗಿ ಹೇಳಬೇಕು?

ನಾಲ್ಕು ಮಟ್ಟ ಇಟ್ಟುಕೊಳ್ಳಿ. ಪೂರ್ತಿ ತಡೆ. ಕಾರಣ ಕೇಳಿ ಬಿಡುವುದು. ಪಕ್ಕದಲ್ಲಿ ಸುಮ್ನೆ ತೋರಿಸುವುದು. ಏನೂ ತೋರಿಸದೆ ಒಳಗೇ ಲೆಕ್ಕ ಇಡುವುದು.

ಪೂರ್ತಿ ತಡೆ ಬಹಳ ಅಪರೂಪಕ್ಕೆ ಇರಲಿ. 12 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ನಿಮೆಸುಲೈಡ್ ಅನ್ನುವ ನೋವು-ಜ್ವರದ ಔಷಧ ಕೊಡುವುದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ. ಅಂಥದ್ದಕ್ಕೆ ತಡೆ ಹಾಕಬಹುದು. ಉಳಿದೆಡೆ ಡಾಕ್ಟರಿಗೆ ದಾರಿ ಬಿಡಲೇಬೇಕು. ರಾತ್ರಿ ಎರಡು ಗಂಟೆಗೆ, ದೇವಿಮನೆ ಘಟ್ಟ ಇಳಿಸಿ ಕಳಿಸಲಾಗದ ರೋಗಿಯ ಮುಂದೆ ನಿಂತವರಿಗೆ ಕಂಪ್ಯೂಟರ್ 'ಆಗಲ್ಲ' ಅಂತ ಬಾಗಿಲು ಹಾಕಿದರೆ, ಮರುದಿನದಿಂದ ಅವರು ಚೀಟಿಯಲ್ಲಿ ಬರೆಯತೊಡಗುತ್ತಾರೆ. ತಪ್ಪು ಅವರದಲ್ಲ.

ಸಂದೇಶದ ಭಾಷೆ ಚಿಕ್ಕದಿರಲಿ. ಏನು ತೊಂದರೆ, ಯಾಕೆ, ಬದಲಿಗೆ ಏನು. ಅಲರ್ಜಿಯ ಸಂದೇಶದಲ್ಲಿ "2019, ಅಮಾಕ್ಸಿಸಿಲಿನ್, ಮುಖ ಊತ" ಅಂತ ವಿವರ ಇದ್ದರೆ ಡಾಕ್ಟರು ಓದುತ್ತಾರೆ. "ಎಚ್ಚರಿಕೆ! ಗಂಭೀರ!" ಅಂತ ಕೆಂಪಕ್ಷರದಲ್ಲಿ ಇದ್ದರೆ ಓದುವುದಿಲ್ಲ.

ಹಂತ 6: ಸಾಫ್ಟ್‌ವೇರಿನವರಿಗೆ ಕೇಳಬೇಕಾದದ್ದು

ರೂಲನ್ನು ನಾವೇ ಬದಲಿಸಬಹುದಾ, ಪ್ರತಿ ಸಲ ನಿಮ್ಮನ್ನು ಕರೆಯಬೇಕಾ? ಯಾವ ಎಚ್ಚರಿಕೆ ಯಾವಾಗ ಬಂತು, ಡಾಕ್ಟರು ಏನು ಮಾಡಿದರು ಅನ್ನುವ ದಾಖಲೆ ನಮಗೆ ಸಿಗುತ್ತದಾ? ನೆಟ್ ಹೋದಾಗ ರೂಲ್ ಓಡುತ್ತದಾ? ಈ ಕೊನೆಯದನ್ನು ಬಿಡಲೇಬೇಡಿ. ಜುಲೈನಲ್ಲಿ ಯಲ್ಲಾಪುರ, ಜೋಯಿಡಾ ಕಡೆ ಮರ ಬಿದ್ದು ಕರೆಂಟು, ನೆಟ್ಟು ಎರಡೂ ಹೋಗುವುದು ಹೊಸದಲ್ಲ. ಪೂರ್ತಿ ಇಂಟರ್ನೆಟ್ ನಂಬಿದ ವ್ಯವಸ್ಥೆ ಬೇಡ. ಆಸ್ಪತ್ರೆಯೊಳಗೇ ಒಂದು ಸರ್ವರ್, ಅದಕ್ಕೊಂದು ಒಳ್ಳೆಯ ಯುಪಿಎಸ್ ಇರಲಿ.

ಹಣ ಕಡಿಮೆ ಇದ್ದರೆ ಬಾಮ್ನಿ, ಓಪನ್‌ಇಎಂಆರ್ ಥರದ ಮುಕ್ತ ಸಾಫ್ಟ್‌ವೇರ್ ಇವೆ. ಲೈಸೆನ್ಸಿಗೆ ದುಡ್ಡಿಲ್ಲ, ಆದರೆ ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು. ರೋಗದ ಹೆಸರಿಗೆ ಸ್ನೋಮೆಡ್ ಸಿಟಿ ಸಂಕೇತ ಬಳಸಿ. ಭಾರತ 2014ರಲ್ಲಿ ಅದರ ಸದಸ್ಯ ದೇಶ ಆಗಿರುವುದರಿಂದ ನಮಗೆ ಉಚಿತ. ಲ್ಯಾಬ್ ಪರೀಕ್ಷೆಗೆ ಲಾಯಿಂಕ್ ಸಂಕೇತ. ಕೇಂದ್ರ ಸರ್ಕಾರದ 2016ರ ಇಎಚ್ಆರ್ (ಕಂಪ್ಯೂಟರಿನಲ್ಲಿ ಇಡುವ ಆರೋಗ್ಯ ದಾಖಲೆ) ಮಾನದಂಡದಲ್ಲೂ ಇವೇ ಇವೆ. ಫೈರ್ ಮತ್ತು ಸಿಡಿಎಸ್ ಹುಕ್ಸ್ (ಬೇರೆ ಬೇರೆ ಸಾಫ್ಟ್‌ವೇರ್‌ಗಳು ಮಾಹಿತಿ, ಎಚ್ಚರಿಕೆ ಹಂಚಿಕೊಳ್ಳುವ ಒಪ್ಪಿತ ವಿಧಾನಗಳು) ಬೆಂಬಲ ಇದೆಯಾ ಅಂತಲೂ ಕೇಳಿ. ಇದ್ದರೆ ನಾಳೆ ಸಾಫ್ಟ್‌ವೇರ್ ಬದಲಿಸಿದರೂ ರೂಲ್‌ಗಳನ್ನು ಮತ್ತೆ ಮೊದಲಿಂದ ಬರೆಯುವ ಕಷ್ಟ ಕಡಿಮೆಯಾಗುತ್ತದೆ.

"ನಮ್ಮದರಲ್ಲಿ ಎಐ ಇದೆ, ತಾನೇ ಎಲ್ಲ ಹೇಳುತ್ತದೆ" ಅಂದರೆ ಯಾವ ರೋಗಿಗಳ ಮಾಹಿತಿಯಿಂದ ಕಲಿತದ್ದು ಅಂತ ಕೇಳಿ. ಮಂಗನ ಕಾಯಿಲೆಯನ್ನೇ ಕಾಣದ ಊರಿನ ದಾಖಲೆಯಿಂದ ಕಲಿತದ್ದು ನಮ್ಮ ಜ್ವರವನ್ನು ಗುರುತಿಸಲಾರದು. ಯಾಕೆ ಹೀಗೆ ಹೇಳಿತು ಅಂತ ತೋರಿಸಲಾಗದ ಸಲಹೆಯನ್ನು ನಾನಂತೂ ಔಷಧ ಬರೆಯುವ ಪುಟಕ್ಕೆ ಬಿಡುವುದಿಲ್ಲ.

ಹಂತ 7: ಮೊದಲು ಮೌನವಾಗಿ ಓಡಿಸಿ

ರೂಲ್ ಸಿದ್ಧವಾಯಿತು. ಈಗಲೇ ಪರದೆಗೆ ತರಬೇಡಿ. ಕೆಲವು ವಾರ ಒಳಗೇ ಓಡಲಿ, ಡಾಕ್ಟರಿಗೆ ಕಾಣುವುದು ಬೇಡ. ಯಾರ ಮೇಲೆ ಎಚ್ಚರಿಕೆ ಬರುತ್ತಿತ್ತು ಅಂತ ಪಟ್ಟಿ ಬರುತ್ತದೆ. ವಾರಕ್ಕೊಮ್ಮೆ ಕೂತು ಒಂದೊಂದನ್ನೇ ನೋಡಿ. ಇಲ್ಲಿ ತಡೆದಿದ್ದರೆ ಉಪಯೋಗ ಆಗುತ್ತಿತ್ತಾ? ಅರ್ಧಕ್ಕಿಂತ ಜಾಸ್ತಿ ಕಡೆ ಇಲ್ಲ ಅಂತ ಉತ್ತರ ಬಂದರೆ ರೂಲನ್ನು ಬಿಗಿಮಾಡಿ, ಮತ್ತೆ ಓಡಿಸಿ.

ನಕಲಿ ರೋಗಿಗಳನ್ನೂ ಹಾಕಿ ನೋಡಿ. ತೂಕ ಇಲ್ಲದ ಮಗು. ವಯಸ್ಸಿನ ಜಾಗದಲ್ಲಿ ಸೊನ್ನೆ ಇರುವ ಕೂಸು. ಕಳೆದ ವರ್ಷದ ಕ್ರಿಯಾಟಿನಿನ್. ಬ್ರಾಂಡ್ ಹೆಸರಿನಲ್ಲಿ ಬರೆದ ಅಲರ್ಜಿ. ತೂಕದ ಜಾಗದಲ್ಲಿ ತಪ್ಪಿ 110 ಅಂತ ಬಿದ್ದ 11 ಕೆ.ಜಿ. ಮಗು. ಎಚ್ಚರಿಕೆ ಬರಬೇಕಾದಲ್ಲಿ ಬಂತಾ ಅಂತ ನೋಡಿದಷ್ಟೇ ಶ್ರದ್ಧೆಯಿಂದ ಬರಬಾರದ ಕಡೆ ಸುಮ್ಮನಿತ್ತಾ ಅಂತಲೂ ನೋಡಿ.

ಹಂತ 8: ಶುರುಮಾಡುವ ದಿನ

ಮಾರಿಕಾಂಬಾ ಜಾತ್ರೆಯ ಹೊತ್ತಿನಲ್ಲಿ ಬೇಡ. ಮಳೆಗಾಲದ ಮೊದಲ ವಾರದಲ್ಲಿ ಬೇಡ. ರೋಗಿಗಳು ಕಡಿಮೆ ಇರುವ ವಾರ ನೋಡಿ, ಒಂದೇ ರೂಲ್‌ನಿಂದ ಶುರುಮಾಡಿ. ಅಲರ್ಜಿಯದು ಒಳ್ಳೆಯದು, ಅದರ ಬಗ್ಗೆ ಯಾರಿಗೂ ತಕರಾರು ಇರುವುದಿಲ್ಲ. ಎರಡು ವಾರ ಬಿಟ್ಟು ಇನ್ನೊಂದು. ಕಂಪ್ಯೂಟರ್ ನಿಂತರೆ ಬಳಸುವ ಕಾಗದದ ಫಾರ್ಮಿನಲ್ಲೂ ಅಲರ್ಜಿ, ತೂಕದ ಚೌಕ ಮೇಲ್ಗಡೆಯೇ ಇರಲಿ.

ಹಂತ 9: ಇಟ್ಟ ಮೇಲೆ ಕಣ್ಣಿಟ್ಟು ಕಾಯಿರಿ

ತಿಂಗಳಿಗೊಮ್ಮೆ ಲೆಕ್ಕ ತೆಗೆಯಿರಿ. ಪ್ರತಿ ರೂಲ್ ಎಷ್ಟು ಸಲ ಬಂತು, ಎಷ್ಟು ಸಲ ಸರಿಸಿದರು, ಏನು ಕಾರಣ ಕೊಟ್ಟರು. ಹತ್ತರಲ್ಲಿ ಒಂಬತ್ತು ಸಲ ಸರಿಸುತ್ತಿದ್ದಾರೆ ಅಂದರೆ ರೂಲ್ ಕಡೆ ನೋಡಿ, ಡಾಕ್ಟರ ಕಡೆ ಬೆರಳು ತೋರಿಸಬೇಡಿ. ಈ ದಾಖಲೆಯನ್ನು ಯಾರನ್ನೋ ಹಿಡಿಯಲು ಬಳಸಿದ ದಿನ ಎಲ್ಲರೂ "ಇತರೆ" ಅಂತ ಒತ್ತಿ ಮುಂದೆ ಹೋಗುತ್ತಾರೆ, ನಿಮಗೆ ಕಲಿಯಲು ಏನೂ ಉಳಿಯುವುದಿಲ್ಲ.

ಜಾಸ್ತಿ ಬರುವ ಎಚ್ಚರಿಕೆ ಕಣ್ಣಿಗೆ ಬೀಳುತ್ತದೆ. ನಿಂತೇ ಹೋದದ್ದು ಬೀಳುವುದಿಲ್ಲ. ಅಮೆರಿಕದ ಬಾಸ್ಟನ್ನಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಅಮಿಯೊಡರೋನ್ ಅನ್ನುವ ಹೃದಯದ ಔಷಧ ತೆಗೆದುಕೊಳ್ಳುವವರಿಗೆ ಥೈರಾಯ್ಡ್ ಪರೀಕ್ಷೆ ಮಾಡಿಸಿ ಅಂತ ನೆನಪಿಸುವ ರೂಲ್ ಇತ್ತು. 2009ರಲ್ಲಿ ಆ ಔಷಧದ ಒಳಗಿನ ಸಂಕೇತ ಸಂಖ್ಯೆ ಬದಲಾಯಿತು. ರೂಲ್ ಹಳೆಯ ಸಂಖ್ಯೆಯನ್ನೇ ಹುಡುಕುತ್ತಾ ಉಳಿಯಿತು. ಅದು ಯಾರಿಗಾದರೂ ಗೊತ್ತಾದದ್ದು 2013ರಲ್ಲಿ. ಅಷ್ಟು ದೊಡ್ಡ ತಂಡ ಇರುವ ಕಡೆಯೇ ಹೀಗಾಗಿದೆ. ನಿಮ್ಮ ಫಾರ್ಮಸಿಯಲ್ಲಿ ಕಂಪನಿ ಬದಲಾಗಿ ಹೊಸ ಬ್ರಾಂಡ್ ಬಂದ ದಿನವೂ ಇದೇ ಆಗಬಹುದು. ಹೊಸ ಔಷಧ ಸೇರಿಸುವಾಗ ಮೂಲ ಔಷಧದ ಹೆಸರು ತುಂಬದೆ ಮುಂದಕ್ಕೆ ಹೋಗಲು ಬಿಡಬೇಡಿ. ಯಾವುದೇ ರೂಲ್ ಒಂದು ತಿಂಗಳು ಪೂರ್ತಿ ಸುಮ್ಮನಿದ್ದರೆ ನಕಲಿ ರೋಗಿಯನ್ನು ಹಾಕಿ ಪರೀಕ್ಷಿಸಿ.

ಪ್ರತಿ ರೂಲ್‌ಗೂ ಮುಗಿಯುವ ತಾರೀಕು ಹಾಕಿ, ಒಂದು ವರ್ಷ ಸಾಕು. ಮಾರ್ಗಸೂಚಿಗಳು ಬದಲಾಗುತ್ತವೆ. ಆ ತಾರೀಕಿಗೆ ಡಾಕ್ಟರು ಮತ್ತೆ ಓದಿ ಸಹಿ ಹಾಕದಿದ್ದರೆ ರೂಲ್ ಮೌನಕ್ಕೆ ಹೋಗಲಿ, ಹಾಗೆ ಹೋದದ್ದು ಆ ರೂಲ್ ನೋಡಿಕೊಳ್ಳುವವರಿಗೆ ತಿಳಿಯಲಿ.

ಹಂತ 10: ಗುಟ್ಟು ಕಾಯುವುದು

ನಮ್ಮದು ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರು. ರಿಸೆಪ್ಷನ್ನಿನಲ್ಲಿ ಕೂತ ಹುಡುಗಿ ರೋಗಿಯ ಚಿಕ್ಕಮ್ಮನ ಮಗಳೇ ಆಗಿರಬಹುದು. ಗರ್ಭಿಣಿ, ಎಚ್ಐವಿ, ಮಾನಸಿಕ ಚಿಕಿತ್ಸೆ, ಇವುಗಳ ಎಚ್ಚರಿಕೆ ಹೊರಗಿನ ಪರದೆಯಲ್ಲಿ ಕಾಣಲೇಬಾರದು. ಯಾರಿಗೆ ಯಾವ ಸಾಲು ಕಾಣುತ್ತದೆ ಅಂತ ಕೆಲಸಕ್ಕೆ ತಕ್ಕಂತೆ ಹಂಚಿ. ಎಚ್ಐವಿ ವಿಷಯ ಗುಟ್ಟಾಗಿಡುವುದು 2017ರ ಕಾಯ್ದೆಯ ಪ್ರಕಾರ ಕಡ್ಡಾಯ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಬೇರೆ ಕಾಯ್ದೆಯೇ ಬಂದಿದೆ. ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ.

ಹಂತ 11: ರೋಗಿಯ ಕೈಗೂ ಒಂದು ಚೀಟಿ

ಡಾಕ್ಟರಿಗೆ ತೋರಿಸಿದ ಎಚ್ಚರಿಕೆಯಲ್ಲಿ ಎರಡು ಸಾಲು ರೋಗಿಯ ಜೊತೆ ಮನೆಗೂ ಹೋಗಲಿ. ಯಾವ ಔಷಧ ಆಗದು, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ, ಈಗ ಯಾವ ಔಷಧ ನಡೆಯುತ್ತಿದೆ. ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು, ಔಷಧದ ಹೆಸರು ಮಾತ್ರ ಇಂಗ್ಲಿಷಿನಲ್ಲೂ ಇರಲಿ. ಕಾರವಾರ ಕಡೆಯವರಿಗೆ ಕೊಡುವಾಗ ಕೊಂಕಣಿಯಲ್ಲಿ ಒಮ್ಮೆ ಬಾಯಲ್ಲೂ ಹೇಳಿ. ಗೋವಾದಲ್ಲೋ ಹುಬ್ಬಳ್ಳಿಯಲ್ಲೋ ನಿಮ್ಮ ಕಂಪ್ಯೂಟರ್ ತೆರೆಯುವುದಿಲ್ಲ. ಅಲ್ಲಿಯ ಡಾಕ್ಟರು ನೋಡುವುದು ಆ ಚೀಟಿಯನ್ನೇ. ಆಭಾಕ್ಕೆ ಜೋಡಿಸಿದ ದಾಖಲೆ ಇದ್ದರೆ ಇನ್ನೂ ಒಳ್ಳೆಯದು, ಆದರೂ ಚೀಟಿ ಕೊಡುವುದನ್ನು ಬಿಡಬೇಡಿ. ಕಿಸೆಯಲ್ಲಿ ಇಡುವಷ್ಟು ಚಿಕ್ಕದಾಗಿ ಮುದ್ರಿಸಿ, ಮಳೆಯಲ್ಲಿ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡಿ.